ಕೆರೆಗೆ ನೀರು ಬರೋ ದಾರಿ

ಕೇಳುಗರಿಗೆ ನಮಸ್ಕಾರ. ನೀರು, ಸಮಾಜ, ಹವಾಮಾನ ಬದಲಾವಣೆ, ಮೂರನ್ನೂ ಸೇರಿಸಿ ಮಾತಾಡಿ ಅಂದಿದ್ದಾರೆ. ಕೊಟ್ಟಿರೋದು ಐದೇ ನಿಮಿಷ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಕೆರೆಯ ಹೂಳು ಎತ್ತೋ ಮೊದಲು, ಕೆರೆಗೆ ನೀರು ಬರೋ ದಾರಿಯಲ್ಲಿ ಒಮ್ಮೆ ನಡೆದು ನೋಡಿ.

ಕೋಲಾರದ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು, ಒಂದು ತುಂಬಿ ಹೊರಬಿದ್ದ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಹಾಗೆ. ಕೆಲವು ವರ್ಷದ ಹಿಂದೆ ಆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನಾನು ಎಂಜಿನಿಯರ್. ಜೊತೆಗೆ ಸಮಾಜಶಾಸ್ತ್ರದ ಮೇಡಂ ಒಬ್ಬರು, ಬೇಸಾಯ ಓದಿದ ಹುಡುಗ ಒಬ್ಬ. ಕೆರೆ ಯಾಕೆ ತುಂಬುತ್ತಿಲ್ಲ ಅಂತ ಹೇಳಬೇಕಿತ್ತು. ಮೂರು ದಿನ ಬಿಸಿಲಲ್ಲಿ ಕೆರೆಯಂಗಳ ಅಳೆದೆ. ಹೂಳು ಇಷ್ಟು, ಟಿಪ್ಪರ್ ಲೋಡು ಇಷ್ಟು, ಲೆಕ್ಕ ರೆಡಿ.

ಮೇಡಂ ಏನೂ ಅಳೆಯಲಿಲ್ಲ. ಏರಿ ಮೇಲೆ ಕೂತು ಒಬ್ಬ ಅಜ್ಜನ ಹತ್ತಿರ ಸುಮ್ನೆ ಮಾತಾಡುತ್ತಿದ್ದರು. ಇದೇನು ಸಂಶೋಧನೆ ಅಂತ ನನಗೆ ಒಳಗೊಳಗೇ ಸಿಟ್ಟು. ಆ ಅಜ್ಜ ಊರಿನ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವನು. ನನ್ನ ಲೆಕ್ಕ ಕೇಳಿ ಬೀಡಿ ಆರಿಸಿದ. "ಹೂಳು ತುಂಬಿದ್ರೆ ಕೆರೆ ಇನ್ನೂ ಬೇಗ ಕೋಡಿ ಬೀಳ್ಬೇಕಲ್ವಾ ಸ್ವಾಮಿ? ಇದು ತುಂಬೋದೇ ಇಲ್ಲವಲ್ಲ!"

ಹೂಳಿದ್ದರೆ ಜಾಗ ಕಡಿಮೆ, ಸ್ವಲ್ಪ ನೀರಿಗೇ ಕೆರೆ ತುಂಬಬೇಕು. ಓದಿದವನಿಗೆ ಇದು ಹೊಳೆದಿರಲಿಲ್ಲ ನೋಡಿ.

ಅಜ್ಜ ಎದ್ದು ನಡೆದ, ನಾವು ಹಿಂದೆ. ಎರಡು ಗಂಟೆ ನಡಿಗೆ. ಜಾಲಿಮುಳ್ಳು ನನ್ನ ಚಪ್ಪಲಿ ತೂರಿ ಅಂಗಾಲಿಗೆ ಬಂತು. ಕೆರೆಗೆ ಮಳೆ ನೀರು ತರೋ ಕಾಲುವೆ ನೀಲಗಿರಿ ತೋಪೊಂದರೊಳಗೆ ಕಳೆದುಹೋಗಿತ್ತು. ಆಚೆ ಮತ್ತೆ ಸಿಕ್ಕಿತು. ಅಲ್ಲಿ ಅಡ್ಡಡ್ಡ ಒಂದು ಹೊಸ ರಸ್ತೆ, ಅದರ ಕೆಳಗೆ ಮೋರಿಯೇ ಇಲ್ಲ. ಮಳೆ ನೀರು ರಸ್ತೆಗೆ ಬಡಿದು ಬೇರೆ ಕಡೆ ತಿರುಗಿಕೊಂಡಿತ್ತು.

ವಾಪಸ್ ಬಂದು ತೂಬಿನ ಕಲ್ಲುಕಂಬ ತೋರಿಸಿದ. ಎರಡು ಕಂಬದ ನಡುವೆ ಅಡ್ಡಕಲ್ಲುಗಳಿವೆ. ಮೇಲಿನ ಕಲ್ಲು ಮುಳುಗಿದ ವರ್ಷ ಅಚ್ಚುಕಟ್ಟಿಗೆಲ್ಲ, ಅಂದ್ರೆ ಕೆರೆ ನೀರು ಹಾಯುವ ಜಮೀನಿಗೆಲ್ಲ, ಭತ್ತ. ಕೆಳಗಿನದು ಮಾತ್ರ ಮುಳುಗಿದರೆ ರಾಗಿ. ಊರೆಲ್ಲ ಕೂತು ಬಿತ್ತೋ ಮೊದಲೇ ತೀರ್ಮಾನ ಮಾಡುತ್ತಿದ್ದರು. ಹವಾಮಾನಕ್ಕೆ ಹೊಂದಿಕೊಳ್ಳೋದು ಅಂತ ನಾವು ಸೆಮಿನಾರ್ ಮಾಡುತ್ತೇವಲ್ಲ, ಅದು ಇದೇ.

ಹಾಗಾದರೆ ಕಾಲುವೆ ಯಾಕೆ ಕಾಡಾಯಿತು? ಉತ್ತರ ಮೇಡಂ ನೋಟ್‌ಬುಕ್ಕಿನಲ್ಲಿತ್ತು. ದುಡ್ಡಿದ್ದವರು ಬೋರ್ ಕೊರೆಸಿದರು. ಆಮೇಲೆ ಕೆರೆ ಅವರಿಗೆ ಬೇಡವಾಯಿತು. ಸುಗ್ಗಿಯಲ್ಲಿ ಕಣದಿಂದ ನೀರುಗಂಟಿಗೆ ಕೊಡುತ್ತಿದ್ದ ಕಾಳು ನಿಂತಿತು. ಕಾಳು ನಿಂತ ಮೇಲೆ ಕಾಲುವೆ ಯಾರು ಸವರುತ್ತಾರೆ? ಇಡೀ ಊರಿಗೆ ನೀರು ಹಂಚಿದ ಅಜ್ಜನಿಗೆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ಇದನ್ನು ಯಾವ ಟೇಪಿನಲ್ಲಿ ಅಳೆಯೋದು?

ಅಜ್ಜನೇ ಟೈಮೆಲ್ಲ ತಗೊಂಡ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಕೆರೆ ಪಂಚಾಯಿತಿಯದು, ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಮೀನು ಇನ್ನೊಂದು ಇಲಾಖೆಯದು, ಒತ್ತುವರಿ ತೆಗೆಸೋದು ಮತ್ತೊಂದರದು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಬೇರೆಯದೇ ಭಾಷಣ. ಮಳೆಯಂತೂ ಈಗ ಒಂದೇ ಸಲ ಸುರಿದು ಹೋಗುತ್ತದೆ. 2021ರ ನವೆಂಬರ್ ನೆನಪಿದೆ ಅಲ್ವಾ? ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ಅಂಥ ಮಳೆ ಹಿಡಿಯೋಕೆ ಕೆರೆ ಬೇಕು, ಕೆರೆಗೆ ದಾರಿ ಬೇಕು.

ಮುಂದಿನ ಗ್ರಾಮಸಭೆಯಲ್ಲಿ ಹೂಳೆತ್ತೋಕೆ ಜೆಸಿಬಿ ತರೋಣ ಅಂತ ಯಾರಾದರೂ ಎದ್ದು ನಿಂತರೆ, ದಯವಿಟ್ಟು ಕೇಳಿ: ಕಾಲುವೆ ನಡೆದು ನೋಡಿದಿರಾ? ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ. ಜಾಲಿಮುಳ್ಳು ಜಾಸ್ತಿ. ನಮಸ್ಕಾರ.