ಚಿಮಣಿ ಎತ್ತರಿಸಿದರೆ ಗಂಧಕ ಹೋಗದು

ಕೇಳುಗರಿಗೆ ನಮಸ್ಕಾರ. ಶುದ್ಧ ಮಳೆನೀರೂ ತುಸು ಆಮ್ಲೀಯವೇ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿ ಅದರ ಪಿಎಚ್, ಅಂದರೆ ಆಮ್ಲತೆಯನ್ನು ತೋರಿಸುವ ಅಂಕಿ, ಸುಮಾರು 5.6 ಇರುತ್ತದೆ. ಅದಕ್ಕಿಂತ ಇಳಿದರೆ ಅದು ಆಮ್ಲ ಮಳೆ. ಪಿಎಚ್ ಒಂದಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿತೆಂದೇ ಲೆಕ್ಕ.

ಕಲ್ಲಿದ್ದಲು ಉರಿದಾಗ ಹೊರಬರುವ ಗಂಧಕದ ಡೈಆಕ್ಸೈಡ್, ಎಂಜಿನ್ ಮತ್ತು ಬಾಯ್ಲರುಗಳಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು ಮೋಡ ಸೇರಿ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಾಗುತ್ತವೆ. ಊರಿನ ಹೊಗೆ ತಪ್ಪಿಸಲು ಯುರೋಪಿನಲ್ಲಿ ಚಿಮಣಿಗಳನ್ನು ಎತ್ತರಿಸಿದರು. ಹೊಗೆ ಗಡಿ ದಾಟಿತು. ಸ್ವೀಡನ್ನಿನ ಸರೋವರಗಳು ಆಮ್ಲೀಯವಾಗಲು ಬ್ರಿಟನ್ ಮತ್ತು ಮಧ್ಯ ಯುರೋಪಿನ ಗಂಧಕವೂ ಕಾರಣವೆಂದು 1960ರ ದಶಕದ ಕೊನೆಯಲ್ಲಿ ವಿಜ್ಞಾನಿ ಸ್ವಾಂಟೆ ಒಡೆನ್ ಎಚ್ಚರಿಸಿದರು. ಅಲ್ಲಿ ನೆಲದಡಿ ಗ್ರಾನೈಟ್. ಆಮ್ಲವನ್ನು ತಣಿಸುವ ಸುಣ್ಣ ಇಲ್ಲ. ಮಣ್ಣಿನ ಅಲ್ಯೂಮಿನಿಯಂ ಕರಗಿ ನೀರಿಗಿಳಿದು ಮೀನಿನ ಕಿವಿರು ಕೆಡಿಸಿತು. ಪಿಎಚ್ 5ರ ಹೊತ್ತಿಗೆ ಹೆಚ್ಚಿನ ಮೀನುಗಳ ಮೊಟ್ಟೆಯೊಡೆದು ಮರಿ ಹೊರಬರುವುದಿಲ್ಲ.

ಗಂಧಕವನ್ನು ಹಿಡಿಯಬೇಕಾದದ್ದು ಚಿಮಣಿಗೆ ಮೊದಲೇ. ಬೂದಿ ತೆಗೆದ ಹೊಗೆಯನ್ನು ಗೋಪುರಕ್ಕೆ ಬಿಟ್ಟು, ನುಣ್ಣಗೆ ಅರೆದ ಸುಣ್ಣದ ಕಲ್ಲಿನ ಬಗ್ಗಡವನ್ನು ಮೇಲಿನಿಂದ ಸಿಂಪಡಿಸುತ್ತಾರೆ. ಒಂದು ಟನ್ ಕಲ್ಲಿದ್ದಲಿನಲ್ಲಿ ಶೇಕಡ 0.5 ಗಂಧಕವಿದ್ದರೆ ಅದು 5 ಕಿಲೋ. ಪೂರ್ತಿ ಉರಿದರೆ ಗಂಧಕದ ಡೈಆಕ್ಸೈಡ್ 10 ಕಿಲೋ. ಅದನ್ನು ಹಿಡಿಯಲು ಲೆಕ್ಕದಂತೆ ಸುಮಾರು 16 ಕಿಲೋ ಸುಣ್ಣದ ಕಲ್ಲು ಬೇಕು, 27 ಕಿಲೋ ಜಿಪ್ಸಂ ಸಿಗುತ್ತದೆ. ಸಿಮೆಂಟ್ ಕಾರ್ಖಾನೆಗೆ ಅದು ಕಚ್ಚಾವಸ್ತು. ಬಗ್ಗಡದ ಪಿಎಚ್ 5ರಿಂದ 6ರೊಳಗಿರಬೇಕು. ಇಳಿದರೆ ಅನಿಲ ಹೀರುವುದು ತಗ್ಗುತ್ತದೆ. ಏರಿದರೆ ಕಲ್ಲು ಕರಗದೆ ವ್ಯರ್ಥವಾಗುತ್ತದೆ, ಒಳಗೆಲ್ಲ ಗಸಿ ಕಟ್ಟುತ್ತದೆ. ಬಗ್ಗಡ ಬಂದು ಸೇರುವ ತೊಟ್ಟಿಯ ತಳಕ್ಕೆ ಊದುವ ಗಾಳಿ ಸಾಲದಿದ್ದರೆ ಜಿಪ್ಸಂ ಆಗುವುದಿಲ್ಲ. ನೀರು ಬಿಡದ ಕೆಸರು ಉಳಿಯುತ್ತದೆ.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಉತ್ತರ ಭಾರತದ ಧೂಳಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದರಿಂದ ಅಲ್ಲಿನ ಮಳೆಯ ಆಮ್ಲತೆ ಬಹುಮಟ್ಟಿಗೆ ತಣಿಯುತ್ತದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿಗೆ ಈ ರಕ್ಷೆ ಇಲ್ಲ. ಅದು ಮೊದಲೇ ಆಮ್ಲೀಯವೆಂದು ತೋಟಕ್ಕೆ ಸುಣ್ಣ ಹಾಕುವ ಅಡಿಕೆ ಬೆಳೆಗಾರರಿಗೆ ಗೊತ್ತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಶಾಖೋತ್ಪನ್ನ ಸ್ಥಾವರಗಳ ಗಂಧಕದ ಅನಿಲಕ್ಕೆ ಮಿತಿ ಹಾಕಿತು. ಗಡುವು ಹಲವು ಬಾರಿ ಮುಂದೆ ಹೋಯಿತು. 2025ರ ಜುಲೈನಲ್ಲಿ, ಚಿಮಣಿ ಎತ್ತರದ ನಿಯಮ ಪಾಲಿಸಿದರೆ ಸಾಕೆಂದು ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದ ವಿನಾಯಿತಿ ಸಿಕ್ಕಿತು. ಸ್ವೀಡನ್ನಿನ ಸರೋವರಗಳನ್ನು ಕಂಡ ಮೇಲೂ ಇದನ್ನು ಒಪ್ಪುವುದು ಕಷ್ಟ. ಕಡೇಪಕ್ಷ ಜಂಬಿಟ್ಟಿಗೆ ನೆಲದ ಊರುಗಳಲ್ಲಿ ಪ್ರತಿ ಮಳೆಯ ಪಿಎಚ್ ದಾಖಲಾಗಲಿ: ಮಳೆ ಶುರುವಾದಾಗ ತೆರೆದು ನಿಂತಾಗ ಮುಚ್ಚುವ ಪ್ಲಾಸ್ಟಿಕ್ ಪಾತ್ರೆ, ಮರದ ನೆರಳಿಲ್ಲದ ಜಾಗ, ಅಂದೇ ಅಳತೆ. ತಡವಾದರೆ ಮಳೆಯೊಂದಿಗೆ ಪಾತ್ರೆಗೆ ಬಿದ್ದ ಧೂಳೇ ಅಂಕಿಯನ್ನು ಬದಲಿಸುತ್ತದೆ.