ಗೇಟಿನ ಆಚೆ ಒಂದು ರೇಟು, ಈಚೆ ಒಂದು ರೇಟು

ಕೇಳುಗರಿಗೆ ನಮಸ್ಕಾರ.

ನಾನು ಶಿಡ್ಲಘಟ್ಟದವನು. ಆದರೆ ಹೊಟ್ಟೆಪಾಡು ನಡೆದಿದ್ದು ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ. ಇಪ್ಪತ್ತೆರಡು ವರ್ಷ ಒಬ್ಬ ಕ್ಲಿಯರಿಂಗ್ ಏಜೆಂಟರ ಹತ್ತಿರ ಗುಮಾಸ್ತನಾಗಿದ್ದೆ. ಹೊರದೇಶದ ಮಾಲು ಬಂತೆಂದರೆ ಅದರ ಕಾಗದಪತ್ರ ಹಿಡಿದುಕೊಂಡು ಕಸ್ಟಮ್ಸ್ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಓಡಾಡುವುದೇ ಕೆಲಸ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತಾರಲ್ಲ, ನಾನು ಸಂಬಳ ತೆಗೆದುಕೊಂಡು ಅದನ್ನೇ ಮಾಡಿದವನು.

ನನ್ನ ಚಿಕ್ಕಪ್ಪನ ಮಗನಿಗೆ ಊರಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ನಾಲ್ಕಾರು ಮಷೀನು ಇವೆ. 2021ರ ಜನವರಿಯಲ್ಲಿ ಒಂದು ದಿನ ಫೋನ್ ಮಾಡಿದ. ದನಿಯಲ್ಲೇ ಖುಷಿ.

"ಅಣ್ಣಾ, ಚೀನಾ ರೇಷ್ಮೆ ಸಿಗ್ತಾ ಇದೆ. ರೇಟು ಕೇಳಿದರೆ ನೀನೇ ನಂಬಲ್ಲ."

"ಮಾಲು ಎಲ್ಲಿದೆಯಪ್ಪಾ?"

"ಚೆನ್ನೈ ಕಡೆ ಯಾವುದೋ ಫ್ರೀ ಟ್ರೇಡ್ ಜೋನಲ್ಲಿದೆಯಂತೆ. ಇಂಡಿಯಾದಲ್ಲೇ ಇದೆ, ಹಡಗಿನ ತಾಪತ್ರಯ ಇಲ್ಲ."

ಇಂಡಿಯಾದಲ್ಲೇ ಇದೆ ಅಂದನಲ್ಲ, ಎಡವಿದ್ದು ಅಲ್ಲೇ.

ಈ ವಲಯಗಳು ನಮಗೆ ಹೊಸವೇನಲ್ಲ. ಗುಜರಾತಿನ ಕಾಂಡ್ಲಾದಲ್ಲಿ 1965ರಲ್ಲೇ ರಫ್ತು ವಲಯ ಶುರುವಾಯಿತು. ಈಗ ನಡೆಯುತ್ತಿರುವುದು 2005ರ ವಿಶೇಷ ಆರ್ಥಿಕ ವಲಯ ಕಾಯಿದೆ. ಬರೀ ದಾಸ್ತಾನು ಮತ್ತು ವ್ಯಾಪಾರಕ್ಕೆ ಅಂತ ಇರುವ ವಲಯಗಳೂ ಇದರ ಅಡಿಯಲ್ಲೇ ಬರುತ್ತವೆ. ಕಾಯಿದೆ ಹೇಳುವುದು ಇಷ್ಟು: ವಲಯದ ನೆಲ ಭಾರತದ್ದೇ, ಆದರೆ ಸುಂಕದ ಲೆಕ್ಕಕ್ಕೆ ಅದು ಹೊರದೇಶ. ಒಳಗೆ ಹೋಗುವ ಮಾಲಿಗೆ ಆಮದು ಸುಂಕ ಇಲ್ಲ. ಅದೇ ಮಾಲು ಗೇಟು ದಾಟಿ ಚಿಕ್ಕಬಳ್ಳಾಪುರದ ರಸ್ತೆ ಹಿಡಿಯಬೇಕಾದರೆ, ಚೀನಾದಿಂದ ಆಗಷ್ಟೇ ಬಂದ ಹಾಗೆ ಸುಂಕ ಕಟ್ಟಬೇಕು. ನಮ್ಮ ತಾತ ಗಾಡಿ ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದಾಗ ಊರ ಬಾಗಿಲಲ್ಲಿ ಸುಂಕದ ಕಟ್ಟೆ ಇರುತ್ತಿತ್ತಲ್ಲ, ಹಾಗೇ ಅಂದುಕೊಳ್ಳಿ. ಕಟ್ಟೆಯ ಆಚೆ ಎಷ್ಟು ದಿನ ಬೇಕಾದರೂ ಎತ್ತು ಬಿಚ್ಚಿ ಮಲಗಿ, ಯಾರೂ ಕೇಳುವುದಿಲ್ಲ. ಈಚೆ ಕಾಲಿಟ್ಟರೆ ದುಡ್ಡು.

ಹಾಗಾಗಿ ನನ್ನ ತಮ್ಮ ಕೇಳಿದ್ದು ಗೇಟಿನ ಆಚೆಯ ರೇಟು. ಹೋಲಿಸಿ ನೋಡಿದ್ದು ಊರಿನ ರೇಟಿನ ಜೊತೆ. ಸೇಬಿಗೂ ಸೀಬೆಗೂ ಒಂದೇ ತಕ್ಕಡಿ ಹಿಡಿದ ಹಾಗಾಯಿತು.

ಹಾಗಂತ ಈ ವಲಯಗಳಿಂದ ಉಪಯೋಗವೇ ಇಲ್ಲ ಅಂತಲ್ಲ. ಮಾಲನ್ನು ಅಲ್ಲಿ ಬಿಚ್ಚಬಹುದು, ವಿಂಗಡಿಸಬಹುದು, ಲೇಬಲ್ ಅಂಟಿಸಿ ಬೇರೆ ಪ್ಯಾಕ್ ಮಾಡಬಹುದು. ಅಲ್ಲಿಂದಲೇ ಬೇರೆ ದೇಶಕ್ಕೆ ಕಳಿಸಿದರೆ ನಮ್ಮ ಆಮದು ಸುಂಕದ ಮಾತೇ ಇಲ್ಲ. ರಫ್ತು ಮಾಡುವವರಿಗೆ ಇದು ನಿಜಕ್ಕೂ ಅನುಕೂಲ. ಇಲ್ಲೇ ಮಾರುವವನಿಗೆ ಮಾತ್ರ ಸುಂಕ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಬೇಕಾದಾಗ ಬೇಕಾದಷ್ಟು ಬೇಲ್, ಅಂದರೆ ಮಾಲಿನ ಗಂಟು, ಬಿಡಿಸಿಕೊಂಡು, ಅಷ್ಟಕ್ಕೇ ಸುಂಕ ಕಟ್ಟಬಹುದು. ವ್ಯಾಪಾರದಲ್ಲಿ ದುಡ್ಡನ್ನು ನಾಲ್ಕು ತಿಂಗಳು ಕೈಯಲ್ಲಿ ಇಟ್ಟುಕೊಳ್ಳುವುದೂ ಒಂದು ಲಾಭವೇ, ಅಲ್ವಾ?

ನಮ್ಮವನು ಹತ್ತು ಬೇಲ್ ಕೊಂಡ. ಒಂದು ಬೇಲ್ ಅಂದರೆ 60 ಕೆಜಿ. ಎರಡನ್ನು ಜನವರಿಯಲ್ಲೇ ಸುಂಕ ಕಟ್ಟಿ ತಂದ. ಆಗಲೇ ಮುಖ ಸಣ್ಣಗಾಗಿತ್ತು. ಉಳಿದ ಎಂಟು ಅಲ್ಲೇ ಇರಲಿ, ಗೋದಾಮಿನ ಬಾಡಿಗೆ ಕೊಟ್ಟರಾಯಿತು ಅಂದ. ಫೆಬ್ರವರಿ 1ರಂದು ಬಜೆಟ್ ಬಂತು. ಕಚ್ಚಾ ರೇಷ್ಮೆಯ ಮೂಲ ಸುಂಕ 10 ಪರ್ಸೆಂಟಿನಿಂದ 15ಕ್ಕೆ ಏರಿತು. ಮಧ್ಯಾಹ್ನದ ಊಟಕ್ಕೆ ಕೂತಿದ್ದೆ, ಫೋನ್ ಬಂತು.

"ಅಣ್ಣಾ, ನಾನು ಕೊಂಡಿದ್ದು ಜನವರಿಯಲ್ಲಿ. ಹಳೇ ರೇಟೇ ತಾನೇ?"

ಅಲ್ಲ. ಕೊಂಡ ದಿನ ಲೆಕ್ಕಕ್ಕಿಲ್ಲ. ಮಾಲು ವಲಯದಿಂದ ಹೊರಬೀಳುವ ದಿನ ಯಾವ ಸುಂಕ ಇದೆಯೋ ಅದೇ. ಲೆಕ್ಕ ಸುಲಭವಾಗಲಿ ಅಂತ ಕೆಜಿಗೆ 3,000 ರೂಪಾಯಿ ಹಿಡಿಯಿರಿ. ಸುಂಕ 300 ಇದ್ದದ್ದು 450 ಆಯಿತು. 480 ಕೆಜಿಗೆ 72,000 ರೂಪಾಯಿ ಜಾಸ್ತಿ. ನಾನು ಅನ್ನ ಕಲಸಿಕೊಂಡೇ ಹೇಳಿದೆ, ಅವನು ಆ ಕಡೆ ಸುಮ್ಮನಾಗಿಬಿಟ್ಟ.

ಸುಂಕ ಇಳಿದಿದ್ದರೆ ಅದೇ ಎಂಟು ಬೇಲ್ ಅವನಿಗೆ ಲಾಟರಿ ಹೊಡೆದ ಹಾಗೆ ಆಗುತ್ತಿತ್ತು. ಇಳಿದದ್ದೂ ಉಂಟು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದರು. ನಮ್ಮ ಕಡೆ ಗೂಡಿನ ಬೆಲೆ ಬಿದ್ದು ರೈತರು ರಸ್ತೆಗೆ ಇಳಿದದ್ದು ನಿಮಗೂ ನೆನಪಿರಬಹುದು. 2013ರಲ್ಲಿ ಮತ್ತೆ ಏರಿಸಿ 15 ಮಾಡಿದರು. ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ಶಿಡ್ಲಘಟ್ಟದಲ್ಲಿ ಎಷ್ಟೋ ಮನೆಗಳ ಒಲೆಯ ಉರಿ ಹೆಚ್ಚುಕಡಿಮೆ ಆಗುತ್ತದೆ.

ಈಗ ಅದೇ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬನ್ನಿ. ಬೆಳಿಗ್ಗೆ ಹೊತ್ತು. ರೈತರು ಗೂಡು ತಂದು ಸುರಿದಿದ್ದಾರೆ, ಹಳದಿ, ಬಿಳಿ. ಗೂಡು ಕೊಂಡು ನೂಲು ಬಿಚ್ಚಿಸುವ ರೀಲರ್ ಒಬ್ಬ ಒಂದು ಗೂಡು ಎತ್ತಿ, ಬೆರಳಲ್ಲಿ ಒತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಕೋಶ ಕಟಕಟ ಅನ್ನಬೇಕು. ಆಮೇಲೆ ಮೊಬೈಲಿನಲ್ಲಿ ರೇಟು ಒತ್ತುತ್ತಾನೆ. ಮಿಶ್ರತಳಿ ಗೂಡಾದರೆ ಹೆಚ್ಚುಕಡಿಮೆ ಏಳು ಕೆಜಿ ಬಿಚ್ಚಿದರೆ ಒಂದು ಕೆಜಿ ನೂಲು. ರೈತ ಇವತ್ತೇ ಮಾರಬೇಕು. ರೇಟು ಸರಿಯಿಲ್ಲ, ಮುಂದಿನ ತಿಂಗಳು ನೋಡೋಣ ಅಂತ ಗೂಡನ್ನು ವಾಪಸ್ ಒಯ್ಯುವ ಹಾಗಿಲ್ಲ. ಹತ್ತು ಹನ್ನೆರಡು ದಿನ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಕೊಂಡ ರೀಲರೂ ಉಗಿ ಕೊಟ್ಟು, ಒಣಗಿಸಿ, ಬಿಚ್ಚಿಸಬೇಕು. ಸೌದೆಗೆ, ಕೂಲಿಗೆ ಅವತ್ತವತ್ತೇ ದುಡ್ಡು.

ವಿದೇಶಿ ಮಾಲು ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ. ನೇಕಾರರನ್ನು ಕೇಳಿ. ಪವರ್‌ಲೂಮಿನಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ನೂಲು, ಒಂದೇ ಸಮನಾದ, ಕಡಿಯದ ಎಳೆಯೇ ಆಗಬೇಕು. ಅದಕ್ಕೇ ಚೀನಾ ನೂಲು. ನಮ್ಮ ಚರಕದ ನೂಲು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಹೋಗುತ್ತದೆ. ಎಷ್ಟೋ ಸೀರೆಗಳಲ್ಲಿ ಎರಡೂ ಸೇರಿಯೇ ಇರುತ್ತವೆ. ನನ್ನ ತಕರಾರು ಬೇರೆ. ಆ ಕಡೆಯ ಬೇಲ್ ಏಸಿ ಗೋದಾಮಿನಲ್ಲಿ ಒಳ್ಳೆಯ ದಿನ ನೋಡಿಕೊಂಡು ಹೊರಗೆ ಬರಬಹುದು. ಈ ಕಡೆಯ ಗೂಡಿಗೆ ಕಾಯುವ ಯೋಗ ಇಲ್ಲ. ನಾವು ಸುಂಕ ಎಷ್ಟು, ಎಷ್ಟು ಅಂತಲೇ ಜಗಳ ಆಡುತ್ತೇವೆ. ನಮ್ಮ ರೀಲರಿಗೆ ನೂಲು ಅಡವಿಟ್ಟರೆ ಅವತ್ತೇ ಕಡಿಮೆ ಬಡ್ಡಿಯ ಸಾಲ, ರೈತನಿಗೆ ಊರ ಹತ್ತಿರವೇ ಗೂಡು ಒಣಗಿಸಿ ಇಡುವ ಜಾಗ, ಇವೆರಡು ಸಿಕ್ಕರೆ ಅವರೂ ಸ್ವಲ್ಪ ದಿನ ಕಾಯಬಹುದಲ್ಲ? ಈ ಮಾತು ಆಡುವವರೇ ಕಡಿಮೆ.

ಇನ್ನೊಂದು ವಿಷಯ, ಸಣ್ಣದು. ಆ ಗೇಟಿನಲ್ಲಿ ಮಾಲು ಬರುವುದಷ್ಟೇ ಅಲ್ಲ, ಹೋಗುವುದೂ ಉಂಟು. ಗೌರಿಬಿದನೂರಿನವರು ಯಾರಾದರೂ ವಲಯದೊಳಗಿನ ಕಾರ್ಖಾನೆಗೆ ರಟ್ಟಿನ ಡಬ್ಬಿ ಮಾರಿದರೂ ಕಾಯಿದೆ ಪ್ರಕಾರ ಅದು ರಫ್ತೇ. ಜಿಎಸ್‌ಟಿಯಲ್ಲೂ ಅದಕ್ಕೆ ಶೂನ್ಯ ದರ. ಡಬ್ಬಿ ಹಡಗಿನ ಮುಖವನ್ನೇ ನೋಡಿರುವುದಿಲ್ಲ, ಆದರೂ ರಫ್ತು!

ನಮ್ಮವನು ಆ ಎಂಟು ಬೇಲ್‌ಗಳನ್ನು ಫೆಬ್ರವರಿ ಎರಡನೇ ವಾರ ಹೊಸ ಸುಂಕ ಕಟ್ಟಿ ಬಿಡಿಸಿಕೊಂಡ. ಈಗಲೂ ಜನವರಿ ಬಂತೆಂದರೆ ಅವನ ಫೋನ್ ತಪ್ಪುವುದಿಲ್ಲ. "ಅಣ್ಣಾ, ಈ ಸಲ ಬಜೆಟ್ಟಲ್ಲಿ ಏನು ಮಾಡ್ತಾರಂತೆ?" ಅಂತಾನೆ. ನನಗೇನು ಗೊತ್ತು? ಗೊತ್ತಿದ್ದಿದ್ದರೆ ನಾನೇ ನಾಲ್ಕು ಬೇಲ್ ಕೊಂಡು ಇಡುತ್ತಿರಲಿಲ್ಲವೇ!

ನಮಸ್ಕಾರ.