ಹವ್ಯಾಸದ ಗ್ರೂಪಿಗೆ ಹೊಸಬರನ್ನು ಕರೆಯುವ ಮುಂಚೆ

[ಫೋನ್ ಪರದೆ ಹತ್ತಿರದಿಂದ. ಒಂದು ಮಸುಕು ಫೋಟೊ, ಕೆಳಗೆ ಒಂದು ಸಾಲು.]

"ಎಲ್ಲರಿಗೂ ನಮಸ್ಕಾರ. ನಾನು ಗ್ರೂಪಿಗೆ ಹೊಸಬ. ಇದು ಯಾವ ಹಕ್ಕಿ, ಯಾರಾದ್ರೂ ಹೇಳ್ತೀರಾ?"

ಈ ಮೆಸೇಜ್ ಬಂದಿದ್ದು ಬೆಳಗ್ಗೆ ಏಳೂ ಹತ್ತಕ್ಕೆ. ಏಳೂವರೆಗೆ ಇಬ್ಬರು ಹಳೆ ಸದಸ್ಯರು ಲೆನ್ಸ್ ಬಗ್ಗೆ ಮಾತು ಶುರು ಮಾಡಿದ್ರು. ಹೊಸಬರ ಫೋಟೊ ಮೇಲಕ್ಕೆ ಸರೀತಾ ಸರೀತಾ ಕಣ್ಮರೆ ಆಯ್ತು. ಮೂರನೇ ದಿನ ಅವರು ಗ್ರೂಪ್ ಬಿಟ್ಟು ಹೋದ್ರು. ವಾಟ್ಸಾಪ್‌ನಲ್ಲಿ 2022ರಿಂದ ಯಾರಾದ್ರೂ ಬಿಟ್ಟು ಹೋದ್ರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತೆ. ಹಾಗಾಗಿ ಅವತ್ತು ಅದು ಕಾಣಿಸಿದ್ದು ನನಗೊಬ್ಬಳಿಗೇ.

ಅದು ಹೆಣ್ಣು ಗುಬ್ಬಚ್ಚಿ. ಗಂಡಿಗಿರೋ ಕಪ್ಪು ಕೊರಳು ಇರಲಿಲ್ಲ, ಕಣ್ಣಿನ ಹಿಂದೆ ಮಾಸಲು ಬಿಳಿ ಪಟ್ಟೆ ಇತ್ತು. ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಇನ್ಯಾರಾದ್ರೂ ಹೇಳ್ತಾರೆ ಅಂತ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನ ಚುಚ್ಚುತ್ತೆ.

[ನಿರೂಪಕಿ ಕ್ಯಾಮೆರಾ ಮುಂದೆ.]

ನಮಸ್ಕಾರ. ಹಕ್ಕಿ ನೋಡುವವರ ಒಂದು ಗ್ರೂಪನ್ನ ನಾನು ನೋಡಿಕೊಳ್ತೀನಿ. ನಿಮ್ಮದು ಚಿತ್ರ ಬಿಡಿಸೋರ ಗ್ರೂಪ್ ಇರಬಹುದು, ಗಿಡ ಬೆಳೆಸೋರದ್ದು, ಚೆಸ್ ಆಡೋರದ್ದು, ನಾಣ್ಯ ಕೂಡಿಡೋರದ್ದು ಇರಬಹುದು. ಹವ್ಯಾಸ ಯಾವುದಾದ್ರೂ ಅಡ್ಮಿನ್‌ಗೆ ಬರೋ ಕಷ್ಟ ಒಂದೇ. ಜನ ಕಡಿಮೆ ಇದ್ರೆ ಗ್ರೂಪ್ ತಣ್ಣಗಾಗುತ್ತೆ. ಒಟ್ಟಿಗೆ ತುಂಬಾ ಜನ ಬಂದ್ರೆ ಅದು ಸಂತೆ ಆಗುತ್ತೆ.

ಇದು ಇವತ್ತಿನ ಕಷ್ಟ ಅಲ್ಲ. ಕಂಪ್ಯೂಟರ್ ಜಾಲದಲ್ಲಿ ಯೂಸ್‌ನೆಟ್ ಅಂತ ಒಂದು ವ್ಯವಸ್ಥೆ ಇತ್ತು, 1980ರಲ್ಲಿ ಶುರುವಾಗಿದ್ದು. ಅಲ್ಲಿ ವಿಷಯಕ್ಕೊಂದು ಚರ್ಚೆಯ ಗುಂಪು. ಅಮೆರಿಕದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ವಿಶ್ವವಿದ್ಯಾಲಯಗಳು ಶುರುವಾದಾಗ ಹೊಸ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬರ್ತಿದ್ರು. ರೀತಿ ರಿವಾಜು ಗೊತ್ತಿಲ್ಲದೆ ಒಂದಷ್ಟು ದಿನ ಗಲಾಟೆ ಆಗ್ತಿತ್ತು. ಹಳಬರು ಹೇಳಿಕೊಡ್ತಿದ್ರು, ಕೆಲವು ವಾರದಲ್ಲಿ ಎಲ್ಲ ಸರಿ ಹೋಗ್ತಿತ್ತು. 1993ರ ಹೊತ್ತಿಗೆ ಮನೆ ಮನೆಗೆ ಸಂಪರ್ಕ ಕೊಡೋ ಕಂಪನಿಗಳ ಗ್ರಾಹಕರೂ ಒಳಗೆ ಬರೋಕೆ ಶುರುವಾದ್ರು. ಮರುವರ್ಷ ಅಂಥದ್ದೇ ಕಂಪನಿ ಎಒಎಲ್ ಕೂಡ ತನ್ನ ಬಾಗಿಲು ತೆರೀತು. ಹೊಸಬರು ಬರೋದು ನಿಲ್ಲಲೇ ಇಲ್ಲ. "ಮುಗಿಯದ ಸೆಪ್ಟೆಂಬರ್" ಅಂತ ಹಳಬರು ಅದಕ್ಕೆ ಹೆಸರಿಟ್ಟರು.

ಈ ಕಥೆಯನ್ನ ಹೊಸಬರನ್ನ ದೂರೋಕೆ ಬಳಸೋದನ್ನ ನಾನು ತುಂಬಾ ಸಲ ನೋಡಿದ್ದೀನಿ. ನನಗೆ ಅದು ಒಪ್ಪಿಗೆ ಇಲ್ಲ. ಬಂದವರು ಕೆಟ್ಟವರಾಗಿರಲಿಲ್ಲ. ಹೇಳಿಕೊಡೋರಿಗಿಂತ ಕಲೀಬೇಕಾದವರು ಜಾಸ್ತಿ ಆಗಿದ್ರು, ಅಷ್ಟೇ. ಹಾಗಾಗಿ ಒಂದು ಗ್ರೂಪಿಗೆ ಎಷ್ಟು ಜನ ಹಿಡಿಸ್ತಾರೆ ಅನ್ನೋದಕ್ಕಿಂತ, ಒಂದು ವಾರಕ್ಕೆ ಎಷ್ಟು ಜನರನ್ನ ನಾವು ಹೆಸರು ಹಿಡಿದು ಮಾತಾಡಿಸಬಲ್ಲೆವು ಅನ್ನೋದೇ ಮುಖ್ಯ. ವಾಟ್ಸಾಪ್ ಒಂದು ಗ್ರೂಪಿಗೆ 1024 ಜನರನ್ನ ಬಿಡುತ್ತೆ, ಟೆಲಿಗ್ರಾಮ್ 2 ಲಕ್ಷದವರೆಗೆ. ನಾನು ವಾರಕ್ಕೆ ನಾಲ್ಕೈದು ಜನಕ್ಕಿಂತ ಹೆಚ್ಚು ಸೇರಿಸೋದಿಲ್ಲ.

ಇದನ್ನ ನಾನು ಕಲಿತದ್ದು ಪೆಟ್ಟು ತಿಂದು. ಒಂದು ಸಲ ಗ್ರೂಪಿನ ಲಿಂಕನ್ನ ಎಲ್ಲರಿಗೂ ಕಾಣೋ ಕಡೆ ಹಾಕಿಬಿಟ್ಟೆ. ಎರಡೇ ದಿನದಲ್ಲಿ ನೂರಕ್ಕೂ ಹೆಚ್ಚು ಜನ ಬಂದ್ರು. ಮೊದಲನೇ ರಾತ್ರಿಯೇ ಸಾಲ ಕೊಡ್ತೀವಿ ಅನ್ನೋ ಜಾಹೀರಾತು, ಬೆಳಗಾದ್ರೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್. ದಿನಾ ಹಕ್ಕಿ ಪಟ್ಟಿ ಹಾಕ್ತಿದ್ದ ಹಿರಿಯರೊಬ್ಬರು ಆ ವಾರ ಏನನ್ನೂ ಹಾಕಲಿಲ್ಲ. ಫೋನ್ ಮಾಡಿದೆ. "ಯಾರು ಓದ್ತಾರಮ್ಮ ಈಗ," ಅಂದ್ರು.

[ಪರದೆ ಮೇಲೆ: ಗ್ರೂಪಿನ ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತದೆ.]

ಹೀಗಾದಾಗ ಮೊದಲು ಲಿಂಕ್ ರೀಸೆಟ್ ಮಾಡಿ. ಹಳೆ ಲಿಂಕ್ ಆ ಕ್ಷಣದಿಂದ ಕೆಲಸ ಮಾಡಲ್ಲ. ಆಮೇಲೆ, ಹೊಸಬರು ಸೇರೋದಕ್ಕೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನೋ ಸೆಟ್ಟಿಂಗ್ ಆನ್ ಮಾಡಿ. ಟೆಲಿಗ್ರಾಮ್ ಆದ್ರೆ ಲಿಂಕಿಗೆ ಗಡುವು ಹಾಕಬಹುದು, ಇಷ್ಟೇ ಜನ ಅಂತ ಮಿತಿನೂ ಇಡಬಹುದು. ಫೇಸ್‌ಬುಕ್ ಗ್ರೂಪ್ ಆದ್ರೆ ಸೇರೋ ಮುಂಚೆ ಮೂರು ಪ್ರಶ್ನೆವರೆಗೂ ಕೇಳಬಹುದು. ಪ್ರಶ್ನೆ ಪರೀಕ್ಷೆ ಥರ ಇರಬಾರದು. "ಇತ್ತೀಚೆಗೆ ನೀವು ನಿಂತು ನೋಡಿದ ಹಕ್ಕಿ ಯಾವುದು? ಹೆಸರು ಗೊತ್ತಿಲ್ಲದಿದ್ರೆ ಹೇಗಿತ್ತು ಅಂತ ಬರೀರಿ." ನಾನು ಕೇಳೋದು ಇದೊಂದೇ. ಜಾಹೀರಾತು ಹಾಕೋಕೆ ಬಂದವರು ಇದಕ್ಕೆ ಉತ್ತರ ಬರೆಯೋದೇ ಇಲ್ಲ. ಆಸೆ ಇರೋರು ನಾಲ್ಕು ಸಾಲು ಬರೀತಾರೆ, ಆ ನಾಲ್ಕು ಸಾಲೇ ಆಮೇಲೆ ಅವರನ್ನ ಪರಿಚಯ ಮಾಡಿಸೋಕೆ ನನಗೆ ಸಿಗುತ್ತೆ.

ಇನ್ನು ಕರೆಯೋ ವಿಷಯ. ನಂಬರ್ ಇದೆ ಅಂತ ಕೇಳದೆ ಯಾರನ್ನೂ ಸೇರಿಸಬೇಡಿ. ಮನೆಗೆ ಕರೆಯೋ ಹಾಗೆ ಕರೀರಿ, ಒಬ್ಬೊಬ್ಬರನ್ನೇ, ಕಾರಣ ಹೇಳಿ. ನಾನು ಕಳಿಸೋದು ಹೀಗಿರುತ್ತೆ.

[ಪರದೆ ಮೇಲೆ ಮೆಸೇಜ್, ಸಾಲು ಸಾಲಾಗಿ ಮೂಡುತ್ತದೆ.]

"ನೀವು ಹಾಕಿದ್ದ ಮಿಂಚುಳ್ಳಿ ಫೋಟೊ ನೋಡಿದೆ. ಅದು ಮೀನನ್ನ ಕೊಂಬೆಗೆ ಬಡೀತಿರೋ ಹೊತ್ತಿಗೆ ಸರಿಯಾಗಿ ತೆಗೆದಿದ್ದೀರಿ. ನಾವು ಒಂದಷ್ಟು ಜನ ದಿನಾ ಕಂಡ ಹಕ್ಕಿಗಳ ಬಗ್ಗೆ ಮಾತಾಡ್ತೀವಿ. ದಿನಕ್ಕೆ ಇಪ್ಪತ್ತು ಮೂವತ್ತು ಮೆಸೇಜ್ ಇರುತ್ತೆ. ಗ್ರೂಪಲ್ಲಿ ನಿಮ್ಮ ನಂಬರ್ ಉಳಿದವರಿಗೂ ಕಾಣುತ್ತೆ, ಅದು ಗೊತ್ತಿರಲಿ. ಇಷ್ಟ ಇದ್ರೆ ಬನ್ನಿ, ಇಲ್ಲ ಅಂದ್ರೂ ಬೇಜಾರಿಲ್ಲ."

ನಂಬರ್ ಕಾಣುತ್ತೆ ಅನ್ನೋ ಸಾಲನ್ನ ದಯವಿಟ್ಟು ಬಿಡಬೇಡಿ. ಮುಖ್ಯವಾಗಿ ಹೆಣ್ಣುಮಕ್ಕಳು ಇದನ್ನ ಯೋಚನೆ ಮಾಡಿ ಒಪ್ಪಬೇಕಾಗುತ್ತೆ. ನಾವು ಮುಂಚೆನೇ ಹೇಳಿದ್ರೆ ಅವರಿಗೆ ನಮ್ಮ ಮೇಲೆ ನಂಬಿಕೆ ಬರುತ್ತೆ.

ಬಂದ ಮೇಲೆ ಮೊದಲ ವಾರ ಅವರ ಮೇಲೆ ಒಂದು ಕಣ್ಣಿಡಿ. ಅವರ ಮೊದಲ ಪ್ರಶ್ನೆ ಉತ್ತರ ಇಲ್ಲದೆ ರಾತ್ರಿ ಕಳೀಬಾರದು. ಗುಬ್ಬಚ್ಚಿ ಫೋಟೊ ಆದ ಮೇಲೆ ನಾವು ಮೂವರು ಪಾಳಿ ಮಾಡಿಕೊಂಡಿದ್ದೀವಿ: ಬೆಳಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಒಬ್ಬರು. ಹೆಸರು ಗೊತ್ತಾಗದಿದ್ರೆ "ಕೊಕ್ಕು ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಫೋಟೊ ಇದೆಯಾ?" ಅಂತಾದ್ರೂ ಕೇಳ್ತೀವಿ.

ಮಾತಾಡದೆ ಸುಮ್ಮನಿರೋರನ್ನ ತೆಗೆದುಹಾಕೋ ಅಡ್ಮಿನ್‌ಗಳಿದ್ದಾರೆ. ಬೇಡ. ಇಂಥ ಗುಂಪುಗಳಲ್ಲಿ ಸುಮಾರು 90 ಭಾಗ ಜನ ಓದ್ತಾರೆ, 9 ಭಾಗ ಆಗಾಗ ಬರೀತಾರೆ, 1 ಭಾಗ ಮಾತ್ರ ಸದಾ ಬರೀತಾರೆ ಅಂತ, ಜನ ವೆಬ್‌ಸೈಟ್‌ಗಳನ್ನ ಹೇಗೆ ಬಳಸ್ತಾರೆ ಅಂತ ಅಧ್ಯಯನ ಮಾಡೋ ಯಾಕೋಬ್ ನೀಲ್ಸನ್ 2006ರಲ್ಲೇ ಹೇಳಿದ್ರು. ಲೆಕ್ಕ ಗ್ರೂಪಿಂದ ಗ್ರೂಪಿಗೆ ಹೆಚ್ಚುಕಡಿಮೆ ಆಗಬಹುದು. ಆದ್ರೆ ಓದೋರು ಇದ್ದಾರೆ ಅಂತಲೇ ಬರೆಯೋರು ಬರೀತಾರೆ.

ನಿಯಮಗಳು ನಾಲ್ಕೇ ಇರಲಿ, ಪಿನ್ ಮಾಡಿಡಿ, ಪ್ರತಿಯೊಂದಕ್ಕೂ ಯಾಕೆ ಅಂತ ಬರೀರಿ. ನಮ್ಮಲ್ಲಿ ತುಂಬಾ ಕಟ್ಟುನಿಟ್ಟಾದ ನಿಯಮ, ಗೂಡಿರೋ ಜಾಗ ಹೇಳಬಾರದು ಅನ್ನೋದು. ಜಾಗ ಗೊತ್ತಾದ್ರೆ ಕ್ಯಾಮೆರಾ ಹಿಡಿದು ಜನ ಮುತ್ತಿಕೊಳ್ತಾರೆ, ತಾಯಿ ಹಕ್ಕಿ ಗೂಡು ಬಿಟ್ಟು ಹೋಗೋ ಸಾಧ್ಯತೆ ಇರುತ್ತೆ. ಕಂಡ ಹಕ್ಕಿಗಳನ್ನ ಜನ ದಾಖಲಿಸೋ ಇ-ಬರ್ಡ್ ಅನ್ನೋ ವೆಬ್‌ಸೈಟ್ ಕೂಡ ಅಪಾಯದಲ್ಲಿರೋ ಕೆಲವು ಜಾತಿಗಳ ನಿಖರ ಜಾಗವನ್ನ ಸಾರ್ವಜನಿಕವಾಗಿ ತೋರಿಸಲ್ಲ.

ಈ ನಿಯಮ ಒಮ್ಮೆ ಮುರಿದದ್ದು ನಮ್ಮ ಗ್ರೂಪಿನ ದೊಡ್ಡ ಹೆಸರು, ಒಳ್ಳೆ ಫೋಟೊಗ್ರಾಫರ್. ಗೂಬೆಯ ಪೊಟರೆಯ ಫೋಟೊ, ಜೊತೆಗೆ ಮ್ಯಾಪಿನ ಲೊಕೇಶನ್. ಮುಖ ನೋಡಿ ಮಣೆ ಹಾಕಿದ್ರೆ ಅವತ್ತೇ ನಮ್ಮ ನಿಯಮಕ್ಕೆ ಬೆಲೆ ಹೋಗ್ತಿತ್ತು. ಲೊಕೇಶನ್ ಅಳಿಸಿದೆ. ಅಡ್ಮಿನ್ ಆದವರು ಯಾರ ಮೆಸೇಜ್ ಬೇಕಾದ್ರೂ ಎಲ್ಲರಿಗೂ ಅಳಿಸಬಹುದು. ಎಲ್ಲರ ಮುಂದೆ ಮಾತಾಡದೆ ಅವರಿಗೇ ಫೋನ್ ಮಾಡಿದೆ. ಹತ್ತು ನಿಮಿಷ ಸಿಟ್ಟಾದ್ರು. ನಾನು ಕೇಳಿಸಿಕೊಂಡೆ. ಸಂಜೆ ಅವರೇ ಗ್ರೂಪಲ್ಲಿ ಬರೆದ್ರು: "ಜಾಗ ಹಾಕಿದ್ದು ನನ್ನ ತಪ್ಪು."

ಜಗಳ ಬಿಸಿ ಏರಿದಾಗ ಮಾತ್ರ, ಅಡ್ಮಿನ್‌ಗಳಷ್ಟೇ ಬರೆಯೋ ಹಾಗೆ ಗ್ರೂಪನ್ನ ಒಂದೆರಡು ಗಂಟೆ ಇಟ್ಟರೆ ಸಾಕು. ಟೆಲಿಗ್ರಾಮ್‌ನಲ್ಲಿ ಸ್ಲೋ ಮೋಡ್ ಇದೆ, ಒಂದು ಮೆಸೇಜ್ ಹಾಕಿದವರು ಇನ್ನೊಂದಕ್ಕೆ ಕಾಯಬೇಕಾಗುತ್ತೆ. ಕಾಯೋ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತೆ.

ಕೊನೆಗೊಂದು ಕೆಲಸ, ಈಗಲೇ ಮಾಡಬಹುದಾದದ್ದು. ನಿಮ್ಮ ಗ್ರೂಪಿನ ಮಾಹಿತಿ ತೆರೆದು ಎಷ್ಟು ಅಡ್ಮಿನ್ ಇದ್ದಾರೆ ನೋಡಿ. ಒಬ್ಬರೇ ಇದ್ದು ಅವರು ಬಿಟ್ಟು ಹೋದ್ರೆ, ವಾಟ್ಸಾಪ್ ತಾನೇ ಯಾರೋ ಒಬ್ಬರನ್ನ ಅಡ್ಮಿನ್ ಮಾಡಿಬಿಡುತ್ತೆ. ಇನ್ನಿಬ್ಬರನ್ನ ನೀವೇ ಆರಿಸಿ. ಹೆಚ್ಚು ಬರೆಯೋರೇ ಆಗಬೇಕಿಲ್ಲ. ನಾನು ಆರಿಸಿದವರಲ್ಲಿ ಒಬ್ಬರು ವರ್ಷವಿಡೀ ಗ್ರೂಪಲ್ಲಿ ಒಂದು ಫೋಟೊನೂ ಹಾಕಿರಲಿಲ್ಲ. ಆದ್ರೆ ಹೊಸಬರು ಏನಾದ್ರೂ ಕೇಳಿದಾಗಲೆಲ್ಲ ಮೊದಲು ಬರ್ತಿದ್ದ ಉತ್ತರ ಅವರದ್ದೇ.

[ಫೋನ್ ಪರದೆ. ಹೊಸ ಸದಸ್ಯರ ಒಂದು ಮಸುಕು ಫೋಟೊ. ಎರಡು ನಿಮಿಷದ ನಂತರದ ಉತ್ತರ: "ಬಾಲ ಕಾಣೋ ಹಾಗೆ ಇನ್ನೊಂದು ಇದೆಯಾ?"]